ತಲೆಗೆ ಮುಕ್ಕಾಲು ಪೈಸೆ

2023ರ ಅಕ್ಟೋಬರ್‌ನಲ್ಲಿ ಡಾರ್ಕ್ ವೆಬ್ ಎಂಬ ಅಂತರ್ಜಾಲದ ಕಳ್ಳಸಂತೆಗೆ ಒಂದು ಭಾರಿ ಮೂಟೆ ಬಂತು. 81.5 ಕೋಟಿ ಭಾರತೀಯರ ಹೆಸರು, ಫೋನ್, ವಿಳಾಸ, ಆಧಾರ್, ಪಾಸ್‌ಪೋರ್ಟ್ ವಿವರ ಅದರಲ್ಲಿದೆ ಎಂದ ಮಾರಾಟಗಾರ ಕೇಳಿದ್ದು 80,000 ಡಾಲರ್, ಅಂದಿನ ದರದಲ್ಲಿ ಸುಮಾರು 66 ಲಕ್ಷ ರೂಪಾಯಿ. ಭಾಗಿಸಿ ನೋಡಿ, ತಲೆಗೆ ಹೆಚ್ಚುಕಮ್ಮಿ ಮುಕ್ಕಾಲು ಪೈಸೆ. ಆಧಾರ್ ಕಾರ್ಡಿನ ಜೆರಾಕ್ಸೇ ಎರಡು ರೂಪಾಯಿ!

ಕಾಯಿಲೆಯವರಿಗೆ ಕೊಂಚ ಮರ್ಯಾದೆಯಿದೆ. 2024ರಲ್ಲಿ ಸ್ಟಾರ್ ಹೆಲ್ತ್ ವಿಮೆಯ 3.1 ಕೋಟಿ ಗ್ರಾಹಕರ ಮಾಹಿತಿಗೆ ಕಳ್ಳ ಕಟ್ಟಿದ ಬೆಲೆ 1.5 ಲಕ್ಷ ಡಾಲರ್, ಅಂದರೆ ತಲೆಗೆ ಸುಮಾರು 40 ಪೈಸೆ. ಅದೇ ವರ್ಷ ಬೋಟ್ ಕಂಪನಿಯ 75 ಲಕ್ಷ ಗ್ರಾಹಕರ ಇಡೀ ಪಟ್ಟಿ ಎರಡು ಯೂರೋ ಆಸುಪಾಸಿನಲ್ಲಿ ಸಿಗುತ್ತಿತ್ತು. ಇಯರ್‌ಫೋನ್ ಹಾಕಿಕೊಂಡವರನ್ನು ಕೇಳುವವರೇ ಇಲ್ಲ.

ಆದರೂ ಹೆದರಬೇಡಿ. ಆಧಾರ್ ಮಾಹಿತಿ 13 ಅಡಿ ಎತ್ತರ, 5 ಅಡಿ ದಪ್ಪದ ಗೋಡೆಯ ಹಿಂದೆ ಭದ್ರವಾಗಿದೆ ಎಂದು ಅಂದಿನ ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್ 2018ರಲ್ಲಿ ಸುಪ್ರೀಂ ಕೋರ್ಟಿಗೇ ಹೇಳಿದ್ದಾರೆ. ಕಳ್ಳ ಏಣಿ ಹೊತ್ತು ಬರುತ್ತಾನೆ ಎಂಬ ಲೆಕ್ಕವಿರಬೇಕು. ಅದೇ ವರ್ಷದ ಜನವರಿಯಲ್ಲಿ ಪತ್ರಕರ್ತೆಯೊಬ್ಬರು 500 ರೂಪಾಯಿ ಕೊಟ್ಟು ಲಾಗಿನ್ ಐಡಿ, ಪಾಸ್‌ವರ್ಡ್ ಪಡೆದು, ಗೋಡೆ ಮುಟ್ಟದೆಯೇ ಒಳಗೆ ಇಣುಕಿ ವರದಿ ಬರೆದರು. ಆಧಾರ್ ನೀಡುವ ಪ್ರಾಧಿಕಾರದ ದೂರಿನ ಮೇಲೆ ದಾಖಲಾದ ಎಫ್‌ಐಆರ್‌ನಲ್ಲಿ ಅವರ ಹೆಸರೂ ಇತ್ತು.

ಒಮ್ಮೆ ಬುದ್ಧಿಮಾತೂ ಬಂದಿತ್ತು, ಅದೂ ನಮ್ಮ ಬೆಂಗಳೂರಿನಿಂದಲೇ. 2022ರ ಮೇ 27ರಂದು ಇಲ್ಲಿನ ಆಧಾರ್ ಪ್ರಾದೇಶಿಕ ಕಚೇರಿ, ಕಂಡಕಂಡಲ್ಲಿ ಜೆರಾಕ್ಸ್ ಕೊಡಬೇಡಿ, ಕೊನೆಯ ನಾಲ್ಕಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಎಂದಿತು. ಮೇ 29ಕ್ಕೆ ದೆಹಲಿ ಅದನ್ನು ಹಿಂಪಡೆಯಿತು. ಜನ ತಪ್ಪು ತಿಳಿದಾರು, ಮಾಮೂಲಿ ಎಚ್ಚರ ಸಾಕು ಎಂಬುದು ಸಮಜಾಯಿಷಿ.

ಈ ಮಾಮೂಲಿ ಎಚ್ಚರ ಬೆರಳಿನವರೆಗೂ ಬರಬೇಕು. ಕ್ರಯಪತ್ರಕ್ಕೆ ಒತ್ತಿದ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ, ಆಧಾರ್ ಸಂಖ್ಯೆ ಮತ್ತು ಬ್ಯಾಂಕಿನ ಹೆಸರು ಸೇರಿಸಿ, ಒಟಿಪಿಯ ಹಂಗಿಲ್ಲದೆ ಖಾತೆಯಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ಬೆಂಗಳೂರಿನಲ್ಲೂ ಬಂದವು. ಪಾಸ್‌ವರ್ಡ್ ಸೋರಿದರೆ ಹೊಸದು ಇಟ್ಟುಕೊಳ್ಳಬಹುದು. ಬೆರಳಿನ ಸ್ಟಾಕು ಹತ್ತೇ. ಹಾಗಾಗಿ ಪ್ರಾಧಿಕಾರದ ಜಾಲತಾಣದಲ್ಲೋ ಆ್ಯಪ್‌ನಲ್ಲೋ ಬಯೋಮೆಟ್ರಿಕ್ ಲಾಕ್ ಮಾಡಿ. ಅದಕ್ಕೆ ಬೇಕಾದ ಒಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ಸಿಮ್‌ಗೆ ಮಾತ್ರ. ಆ ಸಿಮ್ ರೀಚಾರ್ಜ್ ಇಲ್ಲದೆ ಸತ್ತಿದ್ದರೆ ಮೊದಲು ಆಧಾರ್ ಕೇಂದ್ರದ ಸರದಿಯಲ್ಲಿ ನಿಂತು ನಂಬರ್ ಬದಲಿಸಿ. ಲಾಕ್ ಆಯಿತೇ? ಇನ್ನು ಬೆರಳಚ್ಚು ಪಡೆದು ಹಣ ಕೊಡುವ ಬ್ಯಾಂಕ್ ಮಿತ್ರನ ಯಂತ್ರಕ್ಕೆ ಬೆರಳಿಟ್ಟರೆ ಎರರ್ 330. ರೇಷನ್ ಅಂಗಡಿಯಲ್ಲೂ ಅದೇ ಕಥೆ. ತಾತ್ಕಾಲಿಕವಾಗಿ ತೆರೆಯಬಹುದು, ಅವಧಿ 10 ನಿಮಿಷ. ಅಷ್ಟರಲ್ಲಿ ಸರದಿ ಬರಬೇಕು, ಸರ್ವರ್ ಏಳಬೇಕು, ಕಳೆ ಕಿತ್ತು ಸವೆದ ಹೆಬ್ಬೆಟ್ಟನ್ನು ಯಂತ್ರ ಒಪ್ಪಬೇಕು.

ಕಾನೂನು ಇಲ್ಲವೆಂದಲ್ಲ. ಮಾಹಿತಿ ಕಾಯದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ ಎನ್ನುತ್ತದೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ದಂಡದ ದುಡ್ಡು ಸೇರುವುದು ಭಾರತದ ಸಂಚಿತ ನಿಧಿಗೆ, ಅಂದರೆ ಸರ್ಕಾರದ ಬೊಕ್ಕಸಕ್ಕೆ. ಕಳಕೊಂಡವನಿಗೆ ಪರಿಹಾರ ಕೊಡಿಸಬಹುದಾಗಿದ್ದ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 43ಎ ಸೆಕ್ಷನ್ನನ್ನು ತೆಗೆದುಹಾಕುವುದೂ ಇದೇ ಕಾಯ್ದೆ. ಅವನ ಪಾಲಿಗೆ ಉಳಿದಿರುವುದು ಒಂದೇ: ದೂರು ಸುಳ್ಳು ಅಥವಾ ಹುರುಳಿಲ್ಲದ್ದು ಎಂದಾದರೆ 10,000 ರೂಪಾಯಿವರೆಗೆ ದಂಡ.