ಏಡಿ ತಿನ್ನಿ, ಆದರೆ ಜೀವ ಇರುವಾಗಲೇ ಕಾಲು ಮುರಿಯಬೇಡಿ

ನಮ್ಮ ಹಾನಗಲ್ ಕಡೆ ಮಳೆ ಹಿಡಿದರೆ ಗದ್ದೆ ಬದುವಿನಲ್ಲಿ ಏಡಿ ಸಿಗುತ್ತವೆ. ರಾತ್ರಿ ಬ್ಯಾಟರಿ ಹಿಡಿದು ಹೋಗಿ ಕೊಡದಲ್ಲಿ ತುಂಬಿಕೊಂಡು ಬರುತ್ತಾರೆ. ನೆಗಡಿಗೆ ಏಡಿ ಸಾರಿನಂಥ ಔಷಧ ಇನ್ನೊಂದಿಲ್ಲ ಅಂತ ನಮ್ಮ ಚಿಗವ್ವ ಈಗಲೂ ಹೇಳುತ್ತಾಳೆ. ಅದನ್ನು ಮಾಡುವ ರೀತಿ ಊರಲ್ಲಿ ಎಲ್ಲರಿಗೂ ಗೊತ್ತು. ಮೊದಲು ಕಚ್ಚುವ ದೊಡ್ಡ ಕಾಲು ಮುರಿಯುವುದು, ಆಮೇಲೆ ಸಣ್ಣ ಕಾಲು, ಆಮೇಲೆ ಬೆನ್ನ ಚಿಪ್ಪು ಕೀಳುವುದು. ಸಣ್ಣ ಕಾಲುಗಳನ್ನು ಒಳಕಲ್ಲಿಗೆ ಹಾಕಿ ಕುಟ್ಟಿ ರಸ ಹಿಂಡುವುದು. ಕಾಲು ಮುರಿಯುವಾಗ ಏಡಿಗೆ ಜೀವ ಇರುತ್ತದೆ. ಚಿಪ್ಪು ಕೀಳುವಾಗಲೂ ಬಹಳ ಸಲ ಇರುತ್ತದೆ.

ಈಗ ನಾನಿರುವುದು ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ. ಏಡಿಗೆ ನೋವಾಗುತ್ತದಾ ಅನ್ನುವ ಪ್ರಶ್ನೆಯನ್ನು ವರ್ಷಗಟ್ಟಲೆ ಬೆನ್ನು ಹತ್ತಿದ ರಾಬರ್ಟ್ ಎಲ್‌ವುಡ್ ಅವರು ಕೆಲಸ ಮಾಡಿದ ಕ್ವೀನ್ಸ್ ವಿಶ್ವವಿದ್ಯಾಲಯ ಇದೇ ಊರಿನದು. ಅವರ ಪ್ರಯೋಗಗಳನ್ನು ಓದಿದ ಮೇಲೆ ನನಗೆ ಸುಮ್ನೆ ಇರೋಕೆ ಆಗುತ್ತಿಲ್ಲ.

2013ರಲ್ಲಿ ಪ್ರಕಟವಾದ ಒಂದು ಪ್ರಯೋಗ ನೋಡಿ. ಏಡಿಗೆ ಬೆಳಕು ಬೇಡ, ಕತ್ತಲ ಗೂಡು ಬೇಕು. ಎರಡು ಗೂಡು ಇಟ್ಟರು. ಒಂದರೊಳಗೆ ಹೋದರೆ ಸಣ್ಣಗೆ ಕರೆಂಟ್ ಹೊಡೆಯುತ್ತದೆ, ಇನ್ನೊಂದರಲ್ಲಿ ಏನೂ ಇಲ್ಲ. ಒಂದೆರಡು ಸಲ ಹೊಡೆಸಿಕೊಂಡ ಏಡಿಗಳಲ್ಲಿ ಬಹಳಷ್ಟು ಆ ಗೂಡು ಬಿಟ್ಟು ಇನ್ನೊಂದಕ್ಕೆ ಹೋಗತೊಡಗಿದವು. ಕರೆಂಟಿಗೆ ಕಾಲು ಸೆಳೆದುಕೊಳ್ಳುವುದಷ್ಟೇ ಆಗಿದ್ದರೆ ಬೇರೆ ಮಾತು. ಆದರೆ ಇವು ಆದದ್ದನ್ನು ನೆನಪಿಟ್ಟುಕೊಂಡವು. ಖಾಲಿ ಶಂಖದಲ್ಲಿ ಮನೆ ಮಾಡುವ ಸನ್ಯಾಸಿ ಏಡಿಗಳ ಮೇಲಿನ ಪ್ರಯೋಗ ಇನ್ನೂ ಯೋಚಿಸುವಂತೆ ಮಾಡುತ್ತದೆ. ಕರೆಂಟ್ ಹೊಡೆದಾಗ ಮನಸ್ಸಿಗೆ ಅಷ್ಟು ಬಾರದ ಶಂಖದಲ್ಲಿದ್ದವು ಬೇಗ ಬಿಟ್ಟು ಹೊರಟವು. ಇಷ್ಟದ ಶಂಖ ಸಿಕ್ಕಿದ್ದವು ತಡೆದುಕೊಂಡು ಅಲ್ಲೇ ಉಳಿದದ್ದು ಜಾಸ್ತಿ. ನೋವು ದೊಡ್ಡದೋ ಮನೆ ದೊಡ್ಡದೋ ಅಂತ ತೂಗಿ ನೋಡುವ ಜೀವವನ್ನು ಕಲ್ಲಿನ ಹಾಗೆ ಕಾಣೋಕೆ ಆಗಲ್ಲ, ಅಲ್ವಾ? ಸಿಗಡಿಯ ಮೀಸೆಗೆ ಹುಳಿ ಆಸಿಡ್ ಹಚ್ಚಿದಾಗ ಅದು ಅದೇ ಮೀಸೆಯನ್ನು ಉಜ್ಜಿಕೊಳ್ಳುತ್ತದೆ. ಮರಗಟ್ಟಿಸುವ ಔಷಧ ಹಾಕಿದರೆ ಉಜ್ಜುವುದು ಕಡಿಮೆ ಆಗುತ್ತದೆ.

ಇಂಥ 300ಕ್ಕೂ ಹೆಚ್ಚು ಅಧ್ಯಯನಗಳನ್ನು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಜೋನಾಥನ್ ಬರ್ಚ್ ಮತ್ತು ಜೊತೆಯವರು ತೂಗಿ ನೋಡಿ 2021ರಲ್ಲಿ ವರದಿ ಕೊಟ್ಟರು. ಜೀವಂತ ಬೇಯಿಸುವುದು, ಜೀವಂತ ತುಂಡು ಮಾಡುವುದು ಬೇಡ ಅಂತ ಅದರಲ್ಲಿ ಹೇಳಿದರು. 2022ರಲ್ಲಿ ಬ್ರಿಟನ್ ತನ್ನ ಹೊಸ ಕಾನೂನಿನಲ್ಲಿ ಏಡಿ, ಸಿಗಡಿ, ದೊಡ್ಡ ಸಿಗಡಿಯಂತೆ ಕಾಣುವ ಲಾಬ್‌ಸ್ಟರ್‌ಗಳನ್ನು ನೋವು ನಲಿವಿನ ಅನುಭವ ಇರುವ ಜೀವಿಗಳ ಸಾಲಿಗೆ ಸೇರಿಸಿತು. ಆದರೆ ಆ ಕಾನೂನು ಇರುವುದು ಸರ್ಕಾರ ನೀತಿ ಮಾಡುವಾಗ ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿ ಅಂತ. ಅಡುಗೆಮನೆಯ ಕುದಿಯುವ ನೀರನ್ನು ಅದು ತಡೆಯಲಿಲ್ಲ. ಈ ವಿಷಯದಲ್ಲಿ ಸ್ವಿಟ್ಜರ್ಲೆಂಡ್ ಮುಂದೆ. ಅಲ್ಲಿ 2018ರ ಮಾರ್ಚ್‌ನಿಂದ ಲಾಬ್‌ಸ್ಟರ್‌ಗೆ ಮೊದಲು ಪ್ರಜ್ಞೆ ತಪ್ಪಿಸದೆ ಕುದಿಯುವ ನೀರಿಗೆ ಹಾಕುವ ಹಾಗಿಲ್ಲ.

ಹಾಗಂತ ವಿದೇಶದವರಿಗೆ ದಯೆ ಜಾಸ್ತಿ, ನಮಗೆ ಕಡಿಮೆ ಅಂತ ನಾನು ಬರೆಯುತ್ತಿಲ್ಲ. ನಮ್ಮ ದೇಶದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ತೆಗೆದು ನೋಡಿ. ಮನುಷ್ಯನನ್ನು ಬಿಟ್ಟು ಜೀವ ಇರುವ ಎಲ್ಲವೂ ಪ್ರಾಣಿ ಅನ್ನುತ್ತದೆ ಅದು. ಏಡಿಯೂ ಬಂತು, ಸಿಗಡಿಯೂ ಬಂತು. ಆಹಾರಕ್ಕಾಗಿ ಕೊಲ್ಲುವುದಕ್ಕೆ ವಿನಾಯಿತಿ ಇದೆ, ಆದರೆ ಬೇಕಿಲ್ಲದ ನೋವು ಕೊಟ್ಟರೆ ಆ ವಿನಾಯಿತಿ ಇಲ್ಲ. ಬ್ರಿಟನ್ ಈಗ ಒಪ್ಪಿದ್ದನ್ನು ನಾವು ಅರವತ್ತು ವರ್ಷ ಮೊದಲೇ ಬರೆದಿಟ್ಟಿದ್ದೇವೆ. ಮೊದಲ ತಪ್ಪಿಗೆ ದಂಡ ಮಾತ್ರ ಹತ್ತರಿಂದ ಐವತ್ತು ರೂಪಾಯಿ. ಇದನ್ನು ಏಡಿಯ ವಿಷಯದಲ್ಲಿ ಯಾರೂ ನೆನೆಸುವುದೇ ಇಲ್ಲ.

ಯಾಕೆ ನೆನೆಸುವುದಿಲ್ಲ ಅಂದರೆ, ನಮ್ಮಲ್ಲಿ ಮಾತು ತಕ್ಷಣ ಬೇರೆ ಕಡೆ ತಿರುಗುತ್ತದೆ. ಧಾರವಾಡದ ನಮ್ಮ ಬಳಗದಲ್ಲಿ ಈ ವಿಷಯ ತೆಗೆದರೆ ಅರ್ಧ ಜನ "ಅದಕ್ಕ ನಾವು ತಿನ್ನೂದಿಲ್ಲ" ಅಂತಾರೆ. ಉಳಿದವರು "ನಮ್ಮ ಊಟದ ಮ್ಯಾಲ ಕಣ್ಣು ಹಾಕಬ್ಯಾಡ್ರಿ" ಅಂತ ಸಿಟ್ಟಾಗುತ್ತಾರೆ. ಆ ಸಿಟ್ಟಿಗೆ ಕಾರಣ ಇದೆ. ಯಾರು ಏನು ತಿನ್ನುತ್ತಾರೆ ಅನ್ನುವುದರ ಮೇಲೆ ಜನರನ್ನು ಮೇಲು ಕೀಳು ಮಾಡಿದ ಊರುಗಳು ನಮ್ಮವು. ಬಾಡಿಗೆ ಮನೆ ಕೇಳಲು ಹೋದವರಿಗೆ ಗೊತ್ತು. ಅದಕ್ಕೇ ಈ ಎರಡು ಪ್ರಶ್ನೆಗಳನ್ನು ಬೇರೆ ಇಡಬೇಕು ಅನ್ನುತ್ತೇನೆ. ತಿನ್ನಬೇಕೋ ಬೇಡವೋ ಅವರವರ ಇಷ್ಟ. ತಿನ್ನುವ ಮೊದಲು ಅದು ಹೇಗೆ ಸಾಯಬೇಕು ಅನ್ನುವುದನ್ನು ತಿನ್ನುವವರೇ ಕೂತು ಮಾತಾಡಬಹುದು. ತಿನ್ನದವರು ಬಂದು ಪಾಠ ಹೇಳುವುದು ಬೇಡ. ನಾನು ಏಡಿ ತಿನ್ನುವ ಮನೆಯವನು, ಆ ಸಲಿಗೆಯಿಂದಲೇ ಬರೆಯುತ್ತಿದ್ದೇನೆ.

ದಾರಿ ಇದೆ, ಖರ್ಚೂ ಇಲ್ಲ. ಏಡಿಗೆ ನಮ್ಮ ಹಾಗೆ ಒಂದೇ ದೊಡ್ಡ ಮಿದುಳು ಇಲ್ಲ. ನರದ ಗಂಟು ಮುಖ್ಯವಾಗಿ ಎರಡು ಕಡೆ ಇದೆ. ಒಂದು ಕಣ್ಣುಗಳ ಹತ್ತಿರ, ಇನ್ನೊಂದು ಹೊಟ್ಟೆಗೆ ಅಂಟಿಕೊಂಡು ಮಡಚಿರುವ ಪದರ ಎತ್ತಿದರೆ ಅದರ ಕೆಳಗೆ. ಮೊದಲು ಐಸ್ ಹಾಕಿದ ನೀರಿನಲ್ಲಿ ಏಡಿಯ ಅಲುಗಾಟ ಪೂರ್ತಿ ನಿಲ್ಲುವವರೆಗೆ ಇಡಬೇಕು. ತಣ್ಣಗಾಗಿ ಮರಗಟ್ಟಿದ ಮಾತ್ರಕ್ಕೆ ನೋವು ಇಲ್ಲವೆಂದಲ್ಲ, ಹಾಗಾಗಿ ಐಸ್ ಒಂದನ್ನೇ ನಂಬಬಾರದು. ಆಮೇಲೆ ಚೂಪಾದ ದಬ್ಬಣದಿಂದ ಆ ಎರಡೂ ಜಾಗ ಬೇಗ ಚುಚ್ಚಬೇಕು. ಕೈ ಪಳಗಿದರೆ ಸೆಕೆಂಡುಗಳ ಕೆಲಸ. ಕಾಲು, ಚಿಪ್ಪು, ಒಳಕಲ್ಲು ಎಲ್ಲ ಅದಾದ ಮೇಲೆ. ಸಾರಿನ ರುಚಿ ಎಲ್ಲಿಗೂ ಹೋಗುವುದಿಲ್ಲ.

ಚಿಗವ್ವನಿಗೆ ಫೋನಿನಲ್ಲಿ ಇದನ್ನು ಹೇಳಿದೆ. "ಏಡಿಗೆಂಥಾ ನೋವೋ ತಮ್ಮಾ" ಅಂದಳು ಮೊದಲು. ಗೂಡಿನ ಪ್ರಯೋಗ ಹೇಳಿದ ಮೇಲೆ ಸ್ವಲ್ಪ ಯೋಚಿಸಿ, "ದಬ್ಬಣ ಮನ್ಯಾಗ ಐತಿ, ಐಸ್ ಎಲ್ಲಿಂದ ತರ್ಲಿ" ಅಂತ ಕೇಳಿದಳು. ಸರಿಯಾದ ಪ್ರಶ್ನೆ. ಹಳ್ಳಿಯಲ್ಲಿ ಫ್ರಿಜ್ ಇರುವ ಮನೆಯವರು ಮಳೆಗಾಲದಲ್ಲಿ ಒಂದೆರಡು ಡಬ್ಬಿ ನೀರು ಗಟ್ಟಿ ಮಾಡಿಟ್ಟು ಅಕ್ಕಪಕ್ಕಕ್ಕೂ ಕೊಡಬಹುದು. ಹುಬ್ಬಳ್ಳಿಯ ಗಣೇಶಪೇಟೆ ಮಾರುಕಟ್ಟೆಯಲ್ಲಂತೂ ಐಸಿಗೆ ಬರ ಇಲ್ಲ, ಮೀನು ಇಡುವುದೇ ಅದರಲ್ಲಿ. ಅಲ್ಲಿ ಕೂತು ಮಾರುವ ಅಕ್ಕಂದಿರ ಕೈ ನಮಗಿಂತ ಹತ್ತು ಪಟ್ಟು ಚುರುಕು. ಮೀನುಗಾರಿಕೆ ಇಲಾಖೆಯವರು ಒಂದು ದಿನ ಬಂದು ಆ ಎರಡು ಜಾಗ ಯಾವುವು ಅಂತ ತೋರಿಸಿದರೆ ಸಾಕು. ಅಲ್ಲಿಯವರೆಗೆ, ಜೀವ ಇರುವ ಏಡಿ ಕೊಳ್ಳುವವರು ಕಾಲು ಮುರಿಸಿಕೊಳ್ಳುವ ಮೊದಲು ಅದನ್ನು ಐಸಿನಲ್ಲಿ ಹಾಕಿ ಅಂತ ಕೇಳಿ, ಅದಕ್ಕೆ ಬೇಕಾದಷ್ಟು ಹೊತ್ತು ಕಾಯಿರಿ.