ಥಂಡರ್‌ಬರ್ಡ್: .msf ಅಳಿಸಿದರೆ ಜಾಗ ಸಿಗಲ್ಲ

"ಥಂಡರ್‌ಬರ್ಡ್ ಡಿಸ್ಕ್ ತುಂಬಿಸಿದೆಯಾ? ಪ್ರೊಫೈಲ್ ಫೋಲ್ಡರ್‌ಗೆ ಹೋಗಿ .msf ಫೈಲ್‌ಗಳನ್ನೆಲ್ಲ ಅಳಿಸಿ" ಎಂಬ ಸಲಹೆ ಥಂಡರ್‌ಬರ್ಡ್ ಎಂಬ ಇಮೇಲ್ ಪ್ರೋಗ್ರಾಂ ಬಳಸುವವರ ನಡುವೆ ಓಡಾಡುತ್ತಿದೆ. (ಪ್ರೊಫೈಲ್ ಫೋಲ್ಡರ್ ಎಂದರೆ ನಿಮ್ಮ ಮೇಲ್, ಸೆಟ್ಟಿಂಗ್‌ಗಳನ್ನು ಅದು ಇಡುವ ಜಾಗ.) ಇದರಿಂದ ಹೇಳಿಕೊಳ್ಳುವಷ್ಟು ಜಾಗ ಸಿಗಲ್ಲ. .msf ಬರೀ ಸೂಚಿ, ಅಂದರೆ ಫೋಲ್ಡರ್‌ನಲ್ಲಿರುವ ಮೇಲ್‌ಗಳ ಪಟ್ಟಿ. ಅಳಿಸಿದರೆ ಥಂಡರ್‌ಬರ್ಡ್ ಮತ್ತೆ ಕಟ್ಟಿಕೊಳ್ಳುತ್ತದೆ, ಅಷ್ಟೇ.

ಮೇಲ್‌ಗಳು ಇರುವುದು ಪಕ್ಕದಲ್ಲೇ ಇರುವ, ಹೆಸರಿನ ಕೊನೆಗೆ .msf ಎಂಬ ಬಾಲವಿಲ್ಲದ 'ಇನ್‌ಬಾಕ್ಸ್' ಫೈಲ್‌ನಲ್ಲಿ. ಎಲ್ಲ ಮೇಲ್‌ಗಳೂ ಒಂದರ ಹಿಂದೆ ಒಂದು, ಅಟ್ಯಾಚ್‌ಮೆಂಟ್ ಸಮೇತ. ನೀವು ಡಿಲೀಟ್ ಒತ್ತಿದಾಗ ಆ ಮೇಲ್‌ಗೆ 'ಅಳಿಸಲಾಗಿದೆ' ಎಂಬ ಗುರುತು ಬೀಳುತ್ತದೆ, ಪಠ್ಯ ಹಾಗೇ ಕೂತಿರುತ್ತದೆ. ಪಟ್ಟಿಯಲ್ಲಿ ನೂರೇ ಮೇಲ್ ಕಂಡರೂ ಫೈಲ್ ಗಿಗಾಬೈಟ್‌ಗಟ್ಟಲೆ ಇರೋದು ಅದಕ್ಕೇ.

ಮಾಡಬೇಕಾದ್ದು ಸುಲಭ. ಟ್ರ್ಯಾಶ್ ಖಾಲಿ ಮಾಡಿ, ಥಂಡರ್‌ಬರ್ಡ್ ಒಳಗೇ ಇನ್‌ಬಾಕ್ಸ್‌ನಂಥ ಮೇಲ್ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಕಾಂಪ್ಯಾಕ್ಟ್' ಆರಿಸಿ. ಆಗ ಉಳಿದ ಮೇಲ್‌ಗಳನ್ನಷ್ಟೇ ಹೊಸ ಫೈಲ್‌ಗೆ ಬರೆದು ಹಳೆಯದನ್ನು ಎಸೆಯುತ್ತದೆ. ಹೊಸ ಪ್ರತಿಗೆ ಡಿಸ್ಕ್‌ನಲ್ಲಿ ಸ್ವಲ್ಪ ಜಾಗ ಬೇಕು; ಪೂರ್ತಿ ತುಂಬಿದ್ದರೆ ಮೊದಲು ಬೇರೇನಾದರೂ ತೆಗೆಯಿರಿ. ನಡುವೆ ಪ್ರೋಗ್ರಾಂ ಮುಚ್ಚಬೇಡಿ.

ಮೇಲ್ ಉಳಿಸಿಡಲು ಮೇಲ್‌ಡಿರ್ ಎಂಬ ವಿಧಾನ ಆರಿಸಿಕೊಂಡವರಿಗೆ ಈ ತಲೆನೋವಿಲ್ಲ, ಅಲ್ಲಿ ಒಂದೊಂದು ಮೇಲ್‌ಗೂ ಬೇರೆ ಫೈಲ್.

ಎಚ್ಚರ ಬೇಕಿರುವುದು ಒಂದೇ ಕಡೆ: .msf ಬದಲು ಅವಸರದಲ್ಲಿ 'ಇನ್‌ಬಾಕ್ಸ್' ಫೈಲ್ ಅಳಿಸಿದರೆ, ಸರ್ವರ್‌ನಲ್ಲಿ ಪ್ರತಿ ಉಳಿಸದ ಪಾಪ್ (ಮೇಲ್‌ಗಳನ್ನು ನಿಮ್ಮ ಕಂಪ್ಯೂಟರ್‌ಗೆ ಇಳಿಸಿಕೊಳ್ಳುವ) ಖಾತೆಯವರ ಮೇಲ್‌ಗಳೆಲ್ಲ ಹೋಗುತ್ತವೆ.