ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಸೀರೆ ಕೇಳಬಹುದೇ?

ಬೋರ್ಡಿನಲ್ಲಿ ರಾತ್ರಿ 9 ಎಂದಿದೆ. ಈಗ ಗಂಟೆ 8:50. ಈ ಹೊತ್ತಿಗೆ ಜವಳಿ ಅಂಗಡಿಗೆ ಬಂದವರಿಗೆ ಗಾದಿಯ ಮೇಲೆ ಸೀರೆ ಬಿಡಿಸಿ ತೋರಿಸಬೇಕೇ?

ಪರ: ಬೋರ್ಡಿನ ಮಾತು ಉಳಿಯಲಿ

ಬೋರ್ಡಿನಲ್ಲಿ ಬರೆದ ಹೊತ್ತು ಅಂಗಡಿಯವರೇ ಕೊಟ್ಟ ಮಾತು. 8:50ಕ್ಕೆ ಬಂದವರು ತಡವಾಗಿ ಬಂದವರಲ್ಲ. ಅವರ ಎದುರಿಗೇ ಶಟರ್ ಅರ್ಧ ಎಳೆಯುವುದು, ದೀಪ ಒಂದೊಂದಾಗಿ ಆರಿಸುವುದು, "ಏನ್ ಬೇಕು ಬೇಗ ಹೇಳಿ" ಎನ್ನುವುದು ಬಂದವರಿಗೆ ಕೊಡುವ ಮರ್ಯಾದೆಯಲ್ಲ.

ಆ ಹೊತ್ತಿಗೆ ಬರುವವರು ಯಾರು? ಏಳೂವರೆಗೆ ಕೆಲಸ ಬಿಟ್ಟು ಎರಡು ಬಸ್ಸು ಹಿಡಿದು ಬಂದವರು. ಬೆಳಗಿನ ಮುಹೂರ್ತಕ್ಕೆ ಉಡುಗೊರೆ ಸೀರೆ ಬೇಕಾದವರು. ಸಾವಿನ ಮನೆಗೆ ಸೀರೆ ಒಯ್ಯಬೇಕಾದವರು. ಸುಮ್ಮನೆ ನೋಡಿ ಹೋಗುವವರು ಇವರಲ್ಲಿ ಕಡಿಮೆ. ಬಣ್ಣ, ದರ ಮೊದಲೇ ಹೇಳಿದರೆ ಮೂರು ಸೀರೆಯಲ್ಲಿ ವ್ಯಾಪಾರ ಮುಗಿಯುತ್ತದೆ.

ಕಾನೂನೂ ಈ ಸಂದರ್ಭವನ್ನು ಮರೆತಿಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 11ನೇ ಕಲಂ ಮುಚ್ಚುವ ಹೊತ್ತನ್ನು ಗೊತ್ತುಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುತ್ತದೆ. ಆ ಹೊತ್ತಿಗೆ ಅಂಗಡಿಯಲ್ಲಿ ಕಾಯುತ್ತಿರುವ ಗಿರಾಕಿಗೆ ಮುಂದಿನ ಕಾಲು ಗಂಟೆಯೊಳಗೆ ವ್ಯಾಪಾರ ಮಾಡಿಕೊಡಲು ಅವಕಾಶವನ್ನೂ ಇಡುತ್ತದೆ.

ಒಂಬತ್ತಕ್ಕೆ ಗಾದಿಯ ಮೇಲೆ ಬಿದ್ದಿರುವ ಸೀರೆಯ ರಾಶಿ ಕೊನೆಯ ಗಿರಾಕಿಯದಲ್ಲ, ಸಂಜೆ ಆರರಿಂದ ಕೂಡಿಬಂದದ್ದು. ಒಬ್ಬ ಗಿರಾಕಿ ಎದ್ದ ಕೂಡಲೇ ಅವರು ಬಿಡಿಸಿದ್ದನ್ನು ಮಡಿಸಿ ಕಪಾಟಿಗೆ ಸೇರಿಸುವ ರೂಢಿ ಇದ್ದರೆ, ಎಂಟೂವರೆಗೆ ಗಾದಿ ಬಹುಪಾಲು ಖಾಲಿ. ಸಿಬ್ಬಂದಿಯಲ್ಲಿ ಇಬ್ಬರನ್ನು ಬೆಳಿಗ್ಗೆ ಹತ್ತರ ಬದಲು ಹನ್ನೊಂದೂವರೆಗೆ ಬರಹೇಳಿದರೆ ಒಂಬತ್ತೂವರೆಯವರೆಗೆ ನಿಲ್ಲಲು ಜನ ಸಿಗುತ್ತಾರೆ. ಇದನ್ನೆಲ್ಲ ಹೊಂದಿಸುವುದು ಮಾಲೀಕರ ಕೆಲಸ. ಅದಾಗದಿದ್ದರೆ ಬಾಗಿಲಲ್ಲೇ "8:30ರ ನಂತರ ಪ್ರವೇಶವಿಲ್ಲ" ಎಂದು ಬರೆದುಬಿಡಲಿ. 9 ಎಂದು ಬರೆದು 8:45ಕ್ಕೆ ಮುಖ ಗಂಟಿಕ್ಕುವುದು ಸರಿಯಲ್ಲ.

ಗಿರಾಕಿಗೂ ಕರ್ತವ್ಯವಿದೆ. ಒಳಗೆ ಬಂದ ಕೂಡಲೇ "ಎಷ್ಟು ಹೊತ್ತು ಇರ್ತೀರಿ?" ಎಂದು ಕೇಳಬೇಕು. ಸೆರಗು, ಅಂಚು ಮಾತ್ರ ಹೊರಳಿಸಿ ನೋಡಬೇಕು, ಪೂರ್ತಿ ಬಿಡಿಸುವುದು ಒಪ್ಪಿದ ಒಂದನ್ನೇ. ಹಳೆಯ ಬಿಲ್ಲಿನ ಬದಲಾವಣೆ, ಫಾಲ್ ಹಾಕಿಸುವುದು, ಮ್ಯಾಚಿಂಗ್ ರವಿಕೆ ಬಟ್ಟೆ ಹುಡುಕುವುದು ಇವೆಲ್ಲ ಮರುದಿನಕ್ಕೆ.

ವಿರೋಧ: ಒಂಬತ್ತು ಎಂದರೆ ಬಿಲ್ಲು ಮುಗಿಯುವ ಹೊತ್ತು

ಮೂರೇ ಸೀರೆಯಲ್ಲಿ ಮುಗಿಯುತ್ತದೆ ಎಂಬ ಲೆಕ್ಕ ಗಾದಿಯ ಮೇಲೆ ನಿಲ್ಲುವುದಿಲ್ಲ. ಸೀರೆಯನ್ನು ಒಂದರ ಪಕ್ಕ ಇನ್ನೊಂದನ್ನಿಟ್ಟೇ ಆರಿಸುವುದು. ಹದಿನೈದು ಬಿಡಿಸಿದರೆ ಹೆಚ್ಚೇನಲ್ಲ.

ರವಿಕೆ ತುಂಡೂ ಸೇರಿ ಒಂದು ಸೀರೆ ಸುಮಾರು 6.3 ಮೀಟರ್. ರೇಷ್ಮೆಯಾದರೆ ಇಬ್ಬರು ಎರಡು ತುದಿ ಹಿಡಿದು, ಅಂಚಿಗೆ ಅಂಚು ಕೂಡಿಸಿ, ಜರಿ ಒಳಗೆ ಬರುವಂತೆ ಹಳೆಯ ಗೆರೆಯಲ್ಲೇ ಮಡಿಸಬೇಕು. ಒಂದಕ್ಕೆ ಎರಡು ನಿಮಿಷ ಹಿಡಿದರೂ ಹದಿನೈದಕ್ಕೆ ಅರ್ಧ ಗಂಟೆ. ಅವಸರದಲ್ಲಿ ತಪ್ಪು ಗೆರೆಗೆ ಮಡಿಸಿ ಅಟ್ಟಿಯಲ್ಲಿಟ್ಟರೆ ಮೇಲಿನ ಭಾರಕ್ಕೆ ಹೊಸ ಗೆರೆ ಕೂರುತ್ತದೆ. ಮರುದಿನ ಬಿಡಿಸಿದಾಗ ಅದು ಉಟ್ಟ ಸೀರೆಯಂತೆ ಕಾಣುತ್ತದೆ, ಗಿರಾಕಿ ಪಕ್ಕಕ್ಕೆ ಸರಿಸುತ್ತಾರೆ. ಬಾರ್‌ಕೋಡ್ ಚೀಟಿ ಒಂದರದು ಇನ್ನೊಂದಕ್ಕೆ ಸೇರಿದರೆ ದಾಸ್ತಾನು ಲೆಕ್ಕವೇ ತಪ್ಪುತ್ತದೆ. ಗಿರಾಕಿ ಎದ್ದ ಕೂಡಲೇ ಮಡಿಸುವ ರೂಢಿ ಒಳ್ಳೆಯದೇ. ಆದರೆ ಕೊನೆಯ ಗಿರಾಕಿ ಬಿಡಿಸಿದ್ದನ್ನು ಮಡಿಸುವುದು ಒಂಬತ್ತಾದ ಮೇಲೆಯೇ.

ಗಲ್ಲಾದ ಕೆಲಸ ಬೇರೆ. ನೋಟುಗಳನ್ನು ಮುಖಬೆಲೆಯಂತೆ ಎಣಿಸಿ, ಕಾರ್ಡ್ ಯಂತ್ರದ ದಿನದ ಮೊತ್ತವನ್ನೂ ಯುಪಿಐ ಜಮೆಯನ್ನೂ ಬಿಲ್ಲುಗಳ ಜೊತೆ ತಾಳೆ ನೋಡಬೇಕು. ತಾಳೆಯಾದ ಮೇಲೆ ಇನ್ನೊಂದು ಬಿಲ್ಲು ಬಂದರೆ ಮತ್ತೆ ಮೊದಲಿನಿಂದ. ಅಷ್ಟರಲ್ಲಿ ಗಿರಾಕಿಯ ಖಾತೆಯಿಂದ ಹಣ ಹೋಗಿ ಅಂಗಡಿಗೆ ಸಂದೇಶ ಬರದಿದ್ದರೆ, ಅದು ಖಚಿತವಾಗುವವರೆಗೆ ಎಲ್ಲರೂ ನಿಂತಿರಬೇಕು.

ಇನ್ನು ಕಾಲು ಗಂಟೆಯ ಮಾತು. ಆ ವಿನಾಯಿತಿ ಇರುವುದು ಸರ್ಕಾರ ಗೊತ್ತುಮಾಡಿದ ಹೊತ್ತಿಗೆ, ಅಂಗಡಿ ತಾನೇ ಬರೆದುಕೊಂಡ ಬೋರ್ಡಿಗಲ್ಲ. ಅದೂ "ಮಾಡಿಕೊಡಬಹುದು" ಎನ್ನುತ್ತದೆ, "ಮಾಡಿಕೊಡಲೇಬೇಕು" ಎನ್ನುವುದಿಲ್ಲ. ಅದೇ ಕಾಯ್ದೆಯ ಉಳಿದ ಕಲಂಗಳನ್ನೂ ಓದಬೇಕು: ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಕೂಲಿ, ಕೆಲಸಕ್ಕೆ ಬಂದಾಗಿನಿಂದ ಬಿಡುವವರೆಗೆ, ವಿಶ್ರಾಂತಿಯೂ ಸೇರಿ, ದಿನದ ಹರವು 12 ಗಂಟೆ ಮೀರಬಾರದು. ಕಸ ಗುಡಿಸಿ ಕಪಾಟು ಒರೆಸಲು ಬೆಳಿಗ್ಗೆ 9:30ಕ್ಕೆ ಬಂದವರ ಹನ್ನೆರಡು ಗಂಟೆ ರಾತ್ರಿ 9:30ಕ್ಕೆ ಮುಗಿಯಿತು. 8:50ಕ್ಕೆ ಶುರುವಾದ ಸೀರೆ ಆಯ್ಕೆ ಆ ಗೆರೆಯನ್ನು ದಾಟಿಸುತ್ತದೆ. ಆ ಅರ್ಧ ಗಂಟೆಗೆ ಎರಡು ಪಟ್ಟು ಕೂಲಿ ಕೇಳುವ ಧೈರ್ಯ ತಿಂಗಳ ಸಂಬಳದ ಎಷ್ಟು ಹೆಣ್ಣುಮಕ್ಕಳಿಗಿದೆ? ಊರಿನ ಕೊನೆಯ ಬಸ್ಸು ತಪ್ಪಿದರೆ ಆಟೋ ದುಡ್ಡು ಅವರ ಕೈಯಿಂದಲೇ ಹೋಗುತ್ತದೆ. ದಿನವಿಡೀ ನಿಂತ ಕಾಲು ಅದು. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸಗಾರರಿಗೆ ಕೂರುವ ಹಕ್ಕನ್ನು ಕಾನೂನಿಗೆ ಸೇರಿಸಬೇಕಾಯಿತು ಎಂಬುದನ್ನು ಗಮನಿಸಿ.

ಕೊಳ್ಳುವವರಿಗೂ ಇದರಲ್ಲಿ ಲಾಭವಿಲ್ಲ. ಉದ್ದ ಎಳೆಗೆ ಒಂದು ಬಣ್ಣ, ಅಡ್ಡ ಎಳೆಗೆ ಇನ್ನೊಂದು ಬಣ್ಣದ ನೂಲು ಹಾಕಿ ನೇಯ್ದ ಮಯೂರಕಂಠದಂಥ ಸೀರೆ ಅಂಗಡಿಯ ದೀಪಕ್ಕೆ ಒಂದು ಬಣ್ಣ, ಬಿಸಿಲಿಗೆ ಇನ್ನೊಂದು ಬಣ್ಣ ಕಾಣುತ್ತದೆ. ಶುದ್ಧ ರೇಷ್ಮೆಯೆಂದು ಹೇಳುವ ಸಿಲ್ಕ್ ಮಾರ್ಕ್ ಚೀಟಿ ನೋಡಲು, ಒಡಲಿನಲ್ಲಿ ಎಳೆ ಬಿಟ್ಟಿದೆಯೇ ಎಂದು ಬೆಳಕಿಗೆ ಹಿಡಿಯಲು ಪುರುಸೊತ್ತು ಬೇಕು. ರಾತ್ರಿ ಆತುರದಲ್ಲಿ ಒಯ್ದದ್ದು ಬೆಳಿಗ್ಗೆ ಬದಲಾವಣೆಗೆ ವಾಪಸು ಬರುತ್ತದೆ.

ಸಾವಿನ ಮನೆಯ ಸೀರೆ ಬೇರೆ ಮಾತು. ಅದನ್ನು ಯಾವ ಹೊತ್ತಿಗೂ ಕೊಡಬೇಕು. ಅದಕ್ಕೆ ಐದು ನಿಮಿಷ ಸಾಕು, ಬಿಡಿಸಿ ಹರಡುವ ಪ್ರಸಂಗವೇ ಬರುವುದಿಲ್ಲ. ಮೆಡಿಕಲ್ ಶಾಪಿಗೂ ಈ ವಾದ ತಾಗುವುದಿಲ್ಲ. ಉಳಿದವರು ಸೀರೆಗೆ ಕನಿಷ್ಠ ಮುಕ್ಕಾಲು ಗಂಟೆ ಇಟ್ಟುಕೊಂಡು ಬರಲಿ. ಅಷ್ಟು ಹೊತ್ತು ಉಳಿದಿಲ್ಲವಾದರೆ ಬಾಗಿಲಲ್ಲೇ ನಿಂತು "ನಾಳೆ ಎಷ್ಟು ಹೊತ್ತಿಗೆ ತೆಗೀತೀರಿ?" ಎಂದು ಕೇಳಿಕೊಂಡು ಹೋಗಲಿ.